ಎದುರು ಪಕ್ಷ ಹೇಳಿದ್ದೆಲ್ಲ ಯಾಕೆ ತಪ್ಪು ಅನ್ನಿಸುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಒಂದು ಪಕ್ಷದ ಕಡೆ, ನನ್ನ ಅಣ್ಣ ಇನ್ನೊಂದರ ಕಡೆ. ಇಬ್ಬರೂ ಓದಿದವರೇ. ಮೊದಲು "ಸರ್ಕಾರದ ದುಡ್ಡು ಪೋಲು" ಎಂದು ಬೈದ ಯೋಜನೆಯನ್ನೇ ಅವನ ಪಕ್ಷ ಬೇರೆ ಹೆಸರಲ್ಲಿ ತಂದಾಗ "ಬಡವರಿಗೆ ಒಳ್ಳೆಯದು" ಎಂದು ಹೊಗಳುತ್ತಾನೆ. ಕೇಳಿದರೆ ಜಗಳ. ಮನೆಯ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಅಮ್ಮ ಈಗ ಏನೂ ಬರೆಯುವುದಿಲ್ಲ. ಅಣ್ಣ ಬೇಕಂತಲೇ ಹೀಗೆ ಮಾಡುತ್ತಾನಾ?

ಉತ್ತರ (ಮನಶ್ಶಾಸ್ತ್ರಜ್ಞೆ): ಬೇಕಂತಲೇ ಮಾಡುತ್ತಿರಲಿಕ್ಕಿಲ್ಲ. ಜೆಫ್ರಿ ಕೋಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮ ಮನೆಯ ಕಥೆಯ ಹಾಗೇ ಇದೆ. ಬಡವರಿಗೆ ಸಹಾಯ ಕೊಡುವ ಎರಡು ಯೋಜನೆಗಳನ್ನು ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ಒಂದು ತುಂಬ ಉದಾರ, ಇನ್ನೊಂದು ತುಂಬ ಬಿಗಿ. "ನಿಮ್ಮ ಪಕ್ಷದ ಬೆಂಬಲ ಇದಕ್ಕಿದೆ" ಎಂದು ಹೇಳಿದ್ದೇ ತಡ, ಬಡವರಿಗೆ ಸರ್ಕಾರ ಹೆಚ್ಚು ಕೊಡಲಿ ಎನ್ನುವ ಉದಾರವಾದಿಗಳು ಬಿಗಿ ಯೋಜನೆಯನ್ನೂ ಒಪ್ಪಿದರು, ಕಡಿಮೆ ಕೊಡಲಿ ಎನ್ನುವ ಸಂಪ್ರದಾಯವಾದಿಗಳು ಉದಾರ ಯೋಜನೆಯನ್ನೂ ಒಪ್ಪಿದರು. ಯಾಕೆ ಒಪ್ಪಿದಿರಿ ಎಂದರೆ, ಯೋಜನೆಯ ವಿವರ ನೋಡಿ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ನಂಬಿದ್ದರು. ಪಕ್ಷ ನೋಡಿ ತೀರ್ಮಾನ ಮಾಡುವವರು ಬೇರೆಯವರು ಎಂದುಕೊಂಡಿದ್ದರು.

ರಾಜಿ ಮುರಿದು ಬೀಳುವುದೂ ಹೆಚ್ಚಾಗಿ ಇದೇ ಜಾಗದಲ್ಲಿ. 1986ರಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಅವರ ಸಹೋದ್ಯೋಗಿ ಅಣ್ವಸ್ತ್ರ ಕಡಿತದ ಒಂದು ಪ್ರಸ್ತಾಪವನ್ನು ಅಮೆರಿಕದ ಜನರಿಗೆ ಓದಲು ಕೊಟ್ಟರು. ಇದು ಆಗಿನ ಅಮೆರಿಕದ ಅಧ್ಯಕ್ಷ ರೇಗನ್ ಅವರದು ಎಂದಾಗ 90% ಜನರಿಗೆ ಸರಿ ಕಂಡಿತು. ಎದುರಾಳಿ ಸೋವಿಯತ್ ಒಕ್ಕೂಟದ ನಾಯಕ ಗೊರ್ಬಚೆವ್ ಅವರದು ಎಂದಾಗ 44% ಜನರಿಗೆ ಮಾತ್ರ. ಪ್ರಸ್ತಾಪ ಒಂದೇ, ಹೆಸರು ಮಾತ್ರ ಬೇರೆ. ಎದುರಾಳಿ ಕೊಡಲು ಒಪ್ಪಿದ್ದಾನೆ ಎಂದರೆ ಅದರಲ್ಲಿ ಏನೋ ಮಸಲತ್ತಿದೆ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಅಂಕಿ-ಅಂಶ, ಪೇಪರ್ ಕಟಿಂಗ್ ಎಲ್ಲ ಕಳಿಸಿ ನೋಡಿದೆ ಮೇಡಂ. ಅವನು ಇನ್ನೂ ಹಟ ಹಿಡಿಯುತ್ತಾನೆ.

ಉತ್ತರ: ಹಾಗೇ ಆಗುತ್ತದೆ. 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮರಣದಂಡನೆ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಎರಡೆರಡು ವರದಿ ಕೊಟ್ಟರು. ಒಂದು ಪರ, ಒಂದು ವಿರೋಧ. ತಮ್ಮ ಕಡೆಯ ವರದಿ ಎಲ್ಲರಿಗೂ ಗಟ್ಟಿಯಾಗಿ ಕಂಡಿತು, ಎದುರಿನದರಲ್ಲಿ ತಪ್ಪುಗಳೇ ಕಂಡವು. ಕೊನೆಗೆ ಎರಡೂ ಕಡೆಯವರು, ತಮ್ಮ ನಿಲುವು ಮೊದಲಿಗಿಂತ ಗಟ್ಟಿಯಾಗಿದೆ ಎಂದರು.

ನನಗೆ ಬಹಳ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. 1984ರಲ್ಲಿ ಇದೇ ಪರೀಕ್ಷೆ ಮತ್ತೆ ನಡೆಯಿತು. ಕೆಲವರಿಗೆ "ನ್ಯಾಯಾಧೀಶರ ಹಾಗೆ ನಿಷ್ಪಕ್ಷಪಾತವಾಗಿ ಓದಿ" ಎಂದರು. ಏನೂ ಬದಲಾಗಲಿಲ್ಲ. ಇನ್ನು ಕೆಲವರಿಗೆ "ಇದೇ ಅಧ್ಯಯನದ ಫಲಿತಾಂಶ ಉಲ್ಟಾ ಬಂದಿದ್ದರೂ ಇದೇ ಮಾತು ಹೇಳುತ್ತಿದ್ದಿರಾ ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಿ" ಎಂದರು. ಅವರಲ್ಲಿ ಪಕ್ಷಪಾತ ಕಾಣಲಿಲ್ಲ. ಅಂದರೆ "ನಿಷ್ಪಕ್ಷವಾಗಿರು" ಎಂದು ಅಣ್ಣನಿಗೆ ಹೇಳಿ ಪ್ರಯೋಜನ ಕಡಿಮೆ. ಪಕ್ಷದ ಹೆಸರು ತೆಗೆದು ಯೋಜನೆಯ ಬಗ್ಗೆ ಮಾತ್ರ ಕೇಳಿ. ಅದಕ್ಕೂ ಮೊದಲು, ನಿಮ್ಮ ಪಕ್ಷದ ಯೋಜನೆಯನ್ನು ಅವನ ಪಕ್ಷ ತಂದಿದ್ದರೆ ನೀವೇನು ಹೇಳುತ್ತಿದ್ದಿರಿ ಎಂದು ಯೋಚಿಸಿ. ಅದನ್ನು ಅವನ ಎದುರೇ ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ರಾಜಿ ಅಂದರೆ ತತ್ವ ಬಿಟ್ಟುಕೊಡುವುದು ಅಲ್ವಾ ಮೇಡಂ? ನನಗಂತೂ ಅದು ಸೋಲು ಅನ್ನಿಸುತ್ತದೆ.

ಉತ್ತರ: ನಿಮ್ಮ ಅಂಜಿಕೆ ಸಹಜ ಸರ್. ಆದರೆ ಉತ್ತರ ಐರ್ಲೆಂಡ್ ನೋಡಿ. ಬ್ರಿಟನ್ ಜೊತೆ ಇರಬೇಕು ಎನ್ನುವವರು ಒಂದು ಕಡೆ, ಐರ್ಲೆಂಡ್ ಜೊತೆ ಸೇರಬೇಕು ಎನ್ನುವವರು ಇನ್ನೊಂದು ಕಡೆ. ಸುಮಾರು 30 ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10ರ ಒಪ್ಪಂದ ಯಾರಿಗೂ ತಮ್ಮ ಗುರಿ ಬಿಡಿ ಎನ್ನಲಿಲ್ಲ. ಬಹುಮತ ಬಯಸುವವರೆಗೆ ಬ್ರಿಟನ್ ಜೊತೆ, ಬಹುಮತ ಬದಲಾದರೆ ಐರ್ಲೆಂಡ್ ಜೊತೆ. ಅಲ್ಲಿನವರು ತಮ್ಮನ್ನು ಬ್ರಿಟಿಷ್ ಎನ್ನಬಹುದು, ಐರಿಷ್ ಎನ್ನಬಹುದು, ಎರಡೂ ಎನ್ನಬಹುದು. ಬಂದೂಕು ಬಿಡಬೇಕು, ಅಷ್ಟೇ. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿಯ 71% ಮತದಾರರು ಇದಕ್ಕೆ ಹೌದು ಎಂದರು. ಒಪ್ಪಂದವನ್ನು ಕಟುವಾಗಿ ವಿರೋಧಿಸಿದ್ದ ಬ್ರಿಟನ್ ಪರ ನಾಯಕ ಇಯಾನ್ ಪೈಸ್ಲಿ, ಹಿಂದೆ ಬ್ರಿಟನ್ ವಿರುದ್ಧ ಶಸ್ತ್ರ ಹಿಡಿದಿದ್ದ ಗುಂಪಾದ ಐಆರ್‌ಎಯಲ್ಲಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆ 2007ರಲ್ಲಿ ಸರ್ಕಾರ ನಡೆಸಿದರು. ನಡುವೆ ಎಷ್ಟೋ ಸಲ ಎಲ್ಲ ಕುಸಿದಿತ್ತು, ಅದನ್ನೂ ಮರೆಯಬಾರದು.

ಆದರೆ ಜನ ಪವಿತ್ರ ಎಂದು ನಂಬಿದ್ದಕ್ಕೆ ದುಡ್ಡಿನ ಬೆಲೆ ಕಟ್ಟಿದರೆ ಕೆಲಸ ಕೆಡುತ್ತದೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾಜಿಯ ಜೊತೆ ಹಣ ಸೇರಿಸಿದಾಗ ಇಂಥವರ ಸಿಟ್ಟು ಜಾಸ್ತಿಯಾಯಿತು. ಎದುರಿನವರೂ ತಮಗೆ ಪವಿತ್ರವಾದದ್ದನ್ನು ಸ್ವಲ್ಪ ಬಿಟ್ಟುಕೊಟ್ಟಾಗ ಸಿಟ್ಟು ಇಳಿಯಿತು.

ಎಲ್ಲದಕ್ಕೂ ರಾಜಿ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಬ್ಬರು ಹೊಡೆದು ಇನ್ನೊಬ್ಬರು ಪೆಟ್ಟು ತಿಂದಿರುವಾಗ ಇಬ್ಬರೂ ಅರ್ಧರ್ಧ ಸರಿಯಿರಿ ಎನ್ನುವುದು ಅನ್ಯಾಯ.

ಪ್ರಶ್ನೆ (ಮೊದಲ ಸದಸ್ಯರು): ಅಣ್ಣನಿಗೆ ಗ್ರೂಪ್‌ನಲ್ಲೇ ಬರೆಯಲಾ ಮೇಡಂ?

ಉತ್ತರ: ಬೇಡ. ನಾಲ್ಕು ಜನ ನೋಡುತ್ತಿರುವಾಗ ಹಿಂದೆ ಸರಿಯುವುದು ಯಾರಿಗೂ ಕಷ್ಟ. ಫೋನ್ ಮಾಡಿ, ಆದರೆ ಮೊದಲ ಸಲ ರಾಜಕೀಯ ಎತ್ತಬೇಡಿ. ಅಮ್ಮ ಗ್ರೂಪ್‌ನಲ್ಲಿ ಸುಮ್ಮನಾಗಿರುವ ಬಗ್ಗೆ ಇಬ್ಬರೂ ಮಾತಾಡಿ.