ಸಹಾಯ ಬೇಕು: ಇಲಿ ಮರಿಯ ರೆಟಿನಾದಲ್ಲಿ ಗಾಬಾ ಕೆಲಸ ಏನು?

ಸರ್, ಮೇಡಂ, ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಸೋಮವಾರ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಇಲಿ ಮರಿ ಕಣ್ಣು ಬಿಡುವುದು ಹುಟ್ಟಿ ಸುಮಾರು 14 ದಿನಕ್ಕೆ. ಅದಕ್ಕೂ ಮೊದಲೇ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ತಾನಾಗಿಯೇ ವಿದ್ಯುತ್ ಅಲೆಗಳು ಏಳುತ್ತವೆ. ಮೊದಲ ವಾರ ಅವನ್ನು ನಡೆಸುವುದು ಸ್ಟಾರ್‌ಬರ್ಸ್ಟ್ ಅಮಾಕ್ರೈನ್ ಕೋಶ (ರೆಟಿನಾದ ಒಂದು ಬಗೆಯ ನರಕೋಶ) ಬಿಡುವ ಅಸಿಟೈಲ್‌ಕೋಲಿನ್ ಎಂಬ ನರಸಂದೇಶ ರಾಸಾಯನಿಕ. 10ನೇ ದಿನದ ಆಸುಪಾಸು ಕೆಲಸ ಗ್ಲುಟಮೇಟ್ ಎಂಬ ಇನ್ನೊಂದು ನರಸಂದೇಶ ರಾಸಾಯನಿಕದ ಕೈಗೆ ಹೋಗುತ್ತದೆ. ಇಲ್ಲಿತನಕ ಸರಿ ಅಲ್ವಾ?

ತಲೆ ಕೆಟ್ಟಿರುವುದು ಗಾಬಾ ವಿಷಯದಲ್ಲಿ. ಇದೂ ನರಸಂದೇಶ ರಾಸಾಯನಿಕವೇ, ಬೆಳೆದ ಪ್ರಾಣಿಯಲ್ಲಿ ಸಾಮಾನ್ಯವಾಗಿ ಕೋಶವನ್ನು ಸುಮ್ಮನಾಗಿಸುತ್ತದೆ. ಎಳೆ ಕೋಶದೊಳಗೆ ಕ್ಲೋರೈಡ್ ಜಾಸ್ತಿ. ಗಾಬಾ-ಎ ರಿಸೆಪ್ಟರ್ (ಗಾಬಾ ಬಂದು ಕೂತರೆ ತೆರೆಯುವ ಬಾಗಿಲು) ತೆರೆದರೆ ಕ್ಲೋರೈಡ್ ಹೊರಗೆ ಹೋಗುತ್ತದೆ, ಕೋಶ ಸುಮ್ಮನಾಗುವ ಬದಲು ಚುರುಕಾಗುತ್ತದೆ. ಚಿತ್ರ ಬರೆದು ಬಾಣವನ್ನೂ ಹೊರಗೆ ತಿರುಗಿಸಿದ್ದೇನೆ. ಆದರೆ ಸ್ಟಾರ್‌ಬರ್ಸ್ಟ್ ಕೋಶ ಗಾಬಾವನ್ನೂ ಬಿಡುತ್ತದಲ್ಲ! ಹಾಗಿದ್ದರೆ ಅದೂ ಅಲೆ ನಡೆಸಬೇಕಿತ್ತು. ಆದರೆ ನಿಕೋಟಿನಿಕ್ ರಿಸೆಪ್ಟರ್ (ಅಸಿಟೈಲ್‌ಕೋಲಿನ್ ಬಂದು ಕೂರುವ ಜಾಗ) ತಡೆದರೆ ಮೊದಲ ವಾರದ ಅಲೆ ನಿಲ್ಲುತ್ತದೆ, ಗಾಬಾ-ಎ ತಡೆದರೆ ನಿಲ್ಲುವುದಿಲ್ಲ.

ಪಠ್ಯಪುಸ್ತಕದಲ್ಲಿ ‘ಗಾಬಾ ತಡೆಯುತ್ತದೆ’ ಅಂತ ಒಂದೇ ಸಾಲು. ಸೀನಿಯರ್‌ಗಳನ್ನು ಕೇಳಿದರೆ ‘ಸಿಲಬಸ್‌ನಲ್ಲಿ ಇಲ್ಲ, ಬಿಡು’ ಅಂದರು. ಸೆಮಿನಾರ್‌ನಲ್ಲಿ ಪ್ರಶ್ನೆ ಕೇಳುವವರು ಬಿಡಬೇಕಲ್ಲ!

ನನ್ನ ಪ್ರಶ್ನೆ ಇಷ್ಟೇ: ಗಾಬಾ ಕೊಡುವ ಚುರುಕು ಅಲೆ ಹಬ್ಬಿಸುವಷ್ಟು ಇರುವುದಿಲ್ಲವಾ, ಅಥವಾ ಆ ವಯಸ್ಸಿನಲ್ಲಿ ಅದಕ್ಕೆ ಬೇರೆಯೇ ಕೆಲಸ ಇದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.