ಕೇಕಿನ ಮೇಲೆ ಸೊಲೊಮೋನ

ಪೊರ್ಬುಗಳು ಚೀಟಿ ಕೊಟ್ಟರು. ಶೆಟ್ರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅದನ್ನು ಮಡಚಿ ಖಾರ ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟು, "ಇದು ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ" ಎಂದರು.

ಮಂಗಳೂರಿನ ಬಿಜೈಯ ಒಂದು ಒಳಗಲ್ಲಿಯಲ್ಲಿ ಶೆಟ್ರ ಬೇಕರಿ. ಅದರ ಹಿಂಬದಿಯ ಬೆಂಚಿನಲ್ಲಿ ಸಂಜೆ ಐದೂವರೆಗೆ ಕೂರುವವರು ನಾವು ನಾಲ್ಕು ಜನ. ಪೊರ್ಬುಗಳು (ಕೊಂಕಣಿ ಕ್ರೈಸ್ತರನ್ನು ನಮ್ಮಲ್ಲಿ ಗೌರವದಿಂದ ಹೀಗೆ ಕರೆಯುವುದು) ಕೊಲ್ಲಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದು ಈಗ ಇಗರ್ಜಿಯ, ಅಂದರೆ ಚರ್ಚಿನ, ಪಾಲನಾ ಮಂಡಳಿಯಲ್ಲಿ ಜೋರು ಮಾಡುವವರು. ಮಾಸ್ಟ್ರು ರಿಟೈರಾದ ಮೇಲೂ ಪಾಠ ನಿಲ್ಲಿಸದವರು. ಕಾಕ ದಕ್ಕೆಯಲ್ಲಿ ಮೀನಿನ ವ್ಯಾಪಾರದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಕಡಿಮೆ ಮಾತು, ಆದರೆ ಆಡಿದ್ದು ತಾಗುತ್ತದೆ. ನಾನು ಪಫ್ಸ್ ತಿನ್ನುವವನು.

ಚೀಟಿಯಲ್ಲಿದ್ದದ್ದು ಬೈಬಲಿನ ಮಾತು. ಜ್ಞಾನೋಕ್ತಿಗಳು, 21ನೇ ಅಧ್ಯಾಯ, 9ನೇ ವಚನ. ಜಗಳಗಂಟಿ ಹೆಂಡತಿಯ ಜೊತೆ ಮನೆಯೊಳಗೆ ಇರುವುದಕ್ಕಿಂತ ಮಾಳಿಗೆಯ ಮೂಲೆಯಲ್ಲಿ ಇರುವುದು ಲೇಸು ಎಂಬ ಅರ್ಥದ್ದು. ಕೇಕು ಯಾರಿಗೆ? ಪೊರ್ಬುಗಳ ಹೆಂಡತಿಗೆ. ನಾವೆಲ್ಲ ಅವರನ್ನು ಬಾಯಿ ಎಂದೇ ಕರೆಯುವುದು. ಬರುವ ಶನಿವಾರ ಬಾಯಿಗೆ ಅರುವತ್ತು.

"ತಮಾಷೆಗೆ ಅಲ್ವಾ?" ಎಂದೆ.

"ತಮಾಷೆ ಎಂತ ತಮಾಷೆ? ದೇವರ ವಾಕ್ಯ! ಸೊಲೊಮೋನ ರಾಜ ಹೇಳಿದ್ದು. ಅವನಿಗೆ 700 ಹೆಂಡಿರು. ಮೇಲೆ 300 ಉಪಪತ್ನಿಯರು. ಅನುಭವ ಇಲ್ಲದೆ ಹೇಳಿದ್ದಲ್ಲ. ಅದೇ ಮಾತನ್ನು 25ನೇ ಅಧ್ಯಾಯದಲ್ಲಿ ಇನ್ನೊಮ್ಮೆ ಹೇಳಿದ್ದಾನೆ."

"ಮೊದಲ ಸಲ ಹೇಳಿದಾಗ ಮನೆಯಲ್ಲಿ ಯಾರೂ ಕೇಳಿರ್ಲಿಕ್ಕಿಲ್ಲ" ಎಂದರು ಕಾಕ.

ಶೆಟ್ರು ಮೊದಲು ತಾಂತ್ರಿಕ ತಕರಾರು ಎತ್ತಿದರು. ಒಂದು ಕಿಲೋ ಕೇಕಿನಲ್ಲಿ ನಾಲ್ಕು ಪದ ಹಿಡಿಸುತ್ತದೆ, ಅಷ್ಟೆ. ಬಟರ್ ಪೇಪರಿನ ಕೋನಿಗೆ ಕ್ರೀಮ್ ತುಂಬಿಸಿ, ತುದಿಯನ್ನು ಕತ್ತರಿಯಲ್ಲಿ ಎಳ್ಳಿನಷ್ಟು ಕತ್ತರಿಸಿ, ಮೊದಲು ತಟ್ಟೆಯ ಅಂಚಿನಲ್ಲಿ ಒಂದು ಸೊನ್ನೆ ಸುತ್ತಿ ನೋಡುತ್ತಾರೆ ಅವರು. ಉಸಿರು ಬಿಗಿಹಿಡಿದು ಬರೆಯುವುದು. ಇಂಗ್ಲಿಷ್ ಆದರೆ ಒಂದೇ ಎಳೆಯಲ್ಲಿ ಓಡುತ್ತದೆ. ಕನ್ನಡದ ಒತ್ತಕ್ಷರ ಬಂತೋ, ಮೇಲಿನದ್ದು ಕರಗಿ ಕೆಳಗಿನದ್ದರ ಮೇಲೆ ಕೂರುತ್ತದೆ. "ಜ್ಞಾನೋಕ್ತಿ ಅಂತ ಬರೀಲಿಕ್ಕೇ ಅರ್ಧ ಕಿಲೋ ಬೇಕು ಮಾರಾಯ್ರೆ."

"ಎರಡು ಕಿಲೋ ಮಾಡಿ. ದುಡ್ಡು ಕೊಡ್ತೇನೆ."

"ಮತ್ತೆ ನಿಮ್ಮದು ಹಂಚಿನ ಮನೆ ಪೊರ್ಬುಲೆ. ಮಳೆ ಬೇರೆ ಬಿಟ್ಟಿಲ್ಲ. ಮಾಡಿನ ಮೂಲೆಗೆ ಹತ್ತಿದ್ರೆ ಜಾರಿ ಸೀದಾ ಬಾವಿಗೆ."

"ಆ ಹಂಚೂ ಮಿಶನ್‌ನವರದ್ದೇ ಕೊಡುಗೆ" ಎಂದರು ಮಾಸ್ಟ್ರು. "1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಸೊಲೊಮೋನನ ಊರಿನ ಮನೆಗಳಿಗೆ ಮಟ್ಟಸ ಮಾಳಿಗೆ. ಇಲ್ಲಿ ಮಿಶನ್‌ನವರೇ ಆ ಅವಕಾಶ ತಪ್ಪಿಸಿದ್ದು."

ಕೊನೆಗೆ ಶೆಟ್ರು ನಿಜ ಹೇಳಿದರು. "ನೋಡಿ, ಬಾಯಿ ಮೂವತ್ತು ವರ್ಷದಿಂದ ನನ್ನಲ್ಲಿ ಬ್ರೆಡ್ ತಗೊಳ್ತಾರೆ. ಅವರನ್ನು ಜಗಳಗಂಟಿ ಅಂತ ನನ್ನ ಕೈಯಿಂದ ಬರೀಲಿಕ್ಕೆ ಮನಸ್ಸು ಬರೋದಿಲ್ಲ."

ಪೊರ್ಬುಗಳು ಎದ್ದೇ ನಿಂತರು. "19ನೇ ವಿಧಿ ಮಾತಿನ ಸ್ವಾತಂತ್ರ್ಯ. 25ನೇ ವಿಧಿ ಧರ್ಮದ ಸ್ವಾತಂತ್ರ್ಯ. ಒಂದೇ ಕೇಕಿನಲ್ಲಿ ಎರಡನ್ನೂ ಮುರಿದಿರಿ ನೀವು! ಇಡೀ ಲೋಕದಲ್ಲಿ ಈಗ ನಮ್ಮದು ಇದೇ ಪಾಡು. ವಿಶ್ವಾಸದ ಮಾತು ಬಾಯಿ ಬಿಟ್ಟು ಹೇಳುವ ಹಾಗಿಲ್ಲ."

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಅವರಿಗೆ ಈ ಸಂಕಟ ಜಾಸ್ತಿಯಾಗಿದೆ. ಅಲ್ಲಿ ಭಾನುವಾರದ ಪೂಜೆಗೆ ಹೋದರೆ ಅರ್ಧ ಬೆಂಚು ಖಾಲಿ. ಇದ್ದವರಲ್ಲಿ ಅರ್ಧ ಕೇರಳದವರು. ಪಾದ್ರಿಯೂ ಕೇರಳದವರೇ. ಅಲ್ಲಿನ ಜನಗಣತಿಯ ಅಂಕಿ ಪೊರ್ಬುಗಳಿಗೆ ಕಂಠಪಾಠ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ತಾವು ಕ್ರೈಸ್ತರು ಎಂದು ಬರೆಸಿದವರು 2011ರಲ್ಲಿ ನೂರಕ್ಕೆ 59.3. 2021ರಲ್ಲಿ 46.2. "ಅರ್ಧಕ್ಕಿಂತ ಕೆಳಗೆ ಬಂತು ಮಾರಾಯ! ಒಂದು ಕಾಲದಲ್ಲಿ ಅವರು ಬಂದು ನಮಗೆ ಬೋಧನೆ ಮಾಡಿದ್ದು. ಈಗ ನಾವು ಇಲ್ಲಿಂದ ಪಾದ್ರಿಗಳನ್ನು ಕಳಿಸ್ಬೇಕು."

"ಎಕ್ಸ್‌ಪೋರ್ಟ್ ಒಳ್ಳೆಯದೇ" ಎಂದರು ಕಾಕ. ಸಿಗಡಿ ಕಳಿಸುವವರಿಗೆ ಎಲ್ಲವೂ ಹಾಗೇ ಕಾಣುತ್ತದೆ.

ಪೊರ್ಬುಗಳ ಪಟ್ಟಿ ಮುಂದುವರಿಯಿತು. ಫಿನ್ಲೆಂಡಿನ ಸಂಸದೆ ಪೈವಿ ರಾಸನೆನ್ 2019ರಲ್ಲಿ ಬೈಬಲಿನ ವಚನದ ಫೋಟೋ ಟ್ವೀಟ್ ಮಾಡಿದ್ದಕ್ಕೂ, ಸಲಿಂಗಿಗಳ ಬಗ್ಗೆ ಆಡಿದ, ಬರೆದ ಇನ್ನೆರಡು ಮಾತಿಗೂ ಸೇರಿಸಿ ಕೇಸು. ಕೆಳಗಿನ ಎರಡು ಕೋರ್ಟುಗಳು 2022ರಲ್ಲೂ 2023ರಲ್ಲೂ ಬಿಟ್ಟುಬಿಟ್ಟವು. ಸರ್ಕಾರಿ ವಕೀಲರು ಅಷ್ಟಕ್ಕೆ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. "ಬೈಬಲ್ ವಚನಕ್ಕೆ ಕೇಸು! ಯೋಚನೆ ಮಾಡಿ."

"ಕೇಕಿನ ಮೇಲೆ ಹಾಕಿದ್ದಲ್ಲ ತಾನೆ?" ಎಂದು ಶೆಟ್ರು ವಿಚಾರಿಸಿದರು.

ಕೇಕು ಎಂದ ಕೂಡಲೇ ಮಾಸ್ಟ್ರು ಕೊಡೆ ಗೋಡೆಗೆ ಒರಗಿಸಿ ನೇರ ಕೂತರು. ಪಾಠ ಶುರುವಾಗುವ ಲಕ್ಷಣ.

"ಬೆಲ್‌ಫಾಸ್ಟ್. 2014. ಆಶರ್ಸ್ ಅಂತ ಒಂದು ಬೇಕರಿ. ಮಾಲೀಕರು ನಿಷ್ಠಾವಂತ ಕ್ರೈಸ್ತರು. ಒಬ್ಬ ಗಿರಾಕಿ ಬಂದು, ಸಲಿಂಗ ಮದುವೆಯನ್ನು ಬೆಂಬಲಿಸಿ ಅಂತ ಕೇಕಿನ ಮೇಲೆ ಬರೀಲಿಕ್ಕೆ ಹೇಳಿದ. ಮಕ್ಕಳ ಟೀವಿಯ ಎರಡು ಗೊಂಬೆಗಳ ಚಿತ್ರವೂ ಬೇಕಿತ್ತು. ಬೆಲೆ 36 ಪೌಂಡ್ 50 ಪೆನ್ಸ್. ಮೊದಲು ಹಣ ತಗೊಂಡರು. ಆಮೇಲೆ, ನಮ್ಮ ನಂಬಿಕೆಗೆ ಆಗೋದಿಲ್ಲ ಅಂತ ವಾಪಸ್ ಕೊಟ್ಟರು. ಗಿರಾಕಿ ಕೋರ್ಟಿಗೆ ಹೋದ. ಕೆಳಗೆ ಬೇಕರಿಯವರು ಸೋತರು. ಮೇಲೂ ಸೋತರು. 2018ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರೂ ಒಟ್ಟಾಗಿ ಬೇಕರಿಯವರದ್ದೇ ಸರಿ ಅಂದರು."

"ನೋಡಿ!" ಪೊರ್ಬುಗಳು ತೊಡೆ ತಟ್ಟಿದರು. "ನಮ್ಮವರು ಗೆದ್ದರು."

"ಯಾಕೆ ಗೆದ್ದರು ಕೇಳಿ. ಬೇಕರಿಯವರು ಮನುಷ್ಯನನ್ನು ನೋಡಿ ಬೇಡ ಅಂದದ್ದಲ್ಲ, ಮಾತನ್ನು ನೋಡಿ ಬೇಡ ಅಂದದ್ದು. ಬೇರೆ ಯಾರು ಬಂದು ಅದೇ ಸಾಲು ಬರೆಸಿದ್ದರೂ ಬರೀತಿರಲಿಲ್ಲ. ತಾನು ಒಪ್ಪದ ಮಾತನ್ನು ಬರೆಯುವಂತೆ ಯಾರನ್ನೂ ಒತ್ತಾಯ ಮಾಡಬಾರದು ಅಂತ ತೀರ್ಪು."

ಶೆಟ್ರು ಟೀ ಲೋಟ ನಿಧಾನವಾಗಿ ಕೆಳಗಿಟ್ಟರು. ಅವರ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಣ್ಣಾರೆ ಕಂಡೆ.

"ಹಾಗಾದ್ರೆ ಪೊರ್ಬುಲೆ, ನಿಮ್ಮವರು ಗೆದ್ದದ್ದು ನನಗೆ ಬಂತಲ್ಲ?"

ಪೊರ್ಬುಗಳ ಕೈ ತೊಡೆಯ ಮೇಲೇ ನಿಂತಿತು.

"ನಿಮಗೆ ಕೇಕು ಇಲ್ಲ ಅಂತ ನಾನು ಹೇಳಿದೆನಾ? ಬರಹ ಇಲ್ಲದ್ದು ಹತ್ತು ಬೇಕಾದ್ರೂ ಕೊಡ್ತೇನೆ. ಸೊಲೊಮೋನನೇ ಬಂದು ಕೇಳಿದ್ರೂ ಆ ಸಾಲು ಬರೆಯೋದಿಲ್ಲ. ಮನುಷ್ಯನ ಮೇಲೆ ಸಿಟ್ಟಿಲ್ಲ, ಮಾತಿನ ಮೇಲೆ."

ಕಾಕ ಮಾತ್ರ ಬೇರೆ ಕಡೆ ಹೋದರು. "ಆ ಗಿರಾಕಿಗೆ ಬೇಜಾರಾಗ್ಲಿಲ್ವಾ?"

"ಆಗದೆ ಇರ್ತದಾ?" ಎಂದರು ಮಾಸ್ಟ್ರು. ನನಗೂ ಅದೇ ಅನ್ನಿಸಿತು. ಮನುಷ್ಯ ಬೇರೆ, ಮಾತು ಬೇರೆ ಎಂದು ಐದು ಜಡ್ಜುಗಳು ಬಿಡಿಸಿ ಹೇಳಬಹುದು. ಕೌಂಟರಿನ ಈಚೆ ನಿಂತು ಇಲ್ಲ ಎನ್ನಿಸಿಕೊಂಡವನಿಗೆ ಆ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಅಮೆರಿಕದ ಕೊಲರಾಡೋದಲ್ಲೂ ಇಂಥದ್ದೇ ಒಂದು ಕೇಕಿನ ಕೇಸು ಆಯಿತಂತೆ. ಅಲ್ಲಿ ಸಲಿಂಗಿ ಜೋಡಿಯ ಮದುವೆಯ ಕೇಕು. 2018ರ ಜೂನಿನಲ್ಲಿ ಏಳು ಜಡ್ಜುಗಳು ಬೇಕರಿಯವನ ಕಡೆ, ಇಬ್ಬರು ಆಚೆ. ಆದರೆ ಮುಖ್ಯ ಪ್ರಶ್ನೆಗೆ ಅವರು ಕೈಹಾಕಲೇ ಇಲ್ಲ. ರಾಜ್ಯದ ಆಯೋಗ ಅವನ ಧರ್ಮವನ್ನು ಹಗುರವಾಗಿ ಕಂಡಿತು ಎಂದು ಹೇಳಿ ಮುಗಿಸಿದರು. ಶೆಟ್ರಿಗೆ ಬೇರೆಯೇ ಚಿಂತೆ. "ಎಲ್ಲ ಬೇಕರಿಯವರಿಗೇ ಯಾಕೆ ಬರ್ತದೆ ಮಾರಾಯ್ರೆ? ನೀರುದೋಸೆಯ ಮೇಲೆ ಯಾರೂ ಏನೂ ಬರೆಸೋದಿಲ್ಲ. ಹೋಟೆಲಿನವರು ಪುಣ್ಯವಂತರು."

ಸೋತ ಪೊರ್ಬುಗಳು ಮಗಳ ವಿಷಯ ತೆಗೆದರು. ಅವಳು ಅಲ್ಲಿ ನರ್ಸ್. ಕೆಲಸಕ್ಕೆ ಸೇರಿದ ವಾರವೇ ಕತ್ತಿನ ಚೈನು, ಶಿಲುಬೆ ತೆಗೆದಿಡು ಎಂದರಂತೆ. ಅವಳಜ್ಜಿ ಪ್ರಥಮ ಪರಮಪ್ರಸಾದದ ದಿನ ಹಾಕಿದ್ದು ಅದು.

"ಅದಕ್ಕೂ ತೀರ್ಪು ಉಂಟು" ಎಂದರು ಮಾಸ್ಟ್ರು. 2013ರ ಜನವರಿ, ಯುರೋಪಿನ ಮಾನವ ಹಕ್ಕುಗಳ ಕೋರ್ಟು. ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನ ನಾಡಿಯಾ ಎವೇಡಾ ಶಿಲುಬೆ ಹಾಕಿಕೊಳ್ಳಲು ಗೆದ್ದರು. ನರ್ಸ್ ಶರ್ಲಿ ಚಾಪ್ಲಿನ್ ಸೋತರು. ಒಂದೇ ದಿನ, ಒಂದೇ ತೀರ್ಪು.

"ಒಂದೇ ಶಿಲುಬೆ!" ಪೊರ್ಬುಗಳು ಕೂಗಿದರು.

"ಕೌಂಟರಿನಲ್ಲಿ ಅದರಿಂದ ಯಾರಿಗೂ ಅಪಾಯ ಇಲ್ಲ. ವಾರ್ಡಿನಲ್ಲಿ ರೋಗಿ ಹಿಡಿದು ಎಳೆದರೆ? ಗಾಯಕ್ಕೆ ತಾಗಿದರೆ?"

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ನಾನು ಸುಮ್ನೆ ಇರಬೇಕಿತ್ತು. "ಹಾಗಾದ್ರೆ ನಮ್ಮ ಉಡುಪಿ ಕಾಲೇಜಿನದ್ದು..." ಎಂದೆ.

ಬೆಂಚು ಗಪ್‌ಚುಪ್. 2022ರ ಮಾರ್ಚಿನಲ್ಲಿ ಹಿಜಾಬ್ ಬಗ್ಗೆ ಹೈಕೋರ್ಟು ಹೇಳಿದ್ದೂ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜುಗಳು ಒಬ್ಬೊಬ್ಬರು ಒಂದೊಂದು ಹೇಳಿದ್ದೂ ಎಲ್ಲರಿಗೂ ಗೊತ್ತು. ಬೆಲ್‌ಫಾಸ್ಟಿನ ಕೇಕಿನ ಪೈಸೆ ಲೆಕ್ಕ ಹೇಳಿದ ಮಾಸ್ಟ್ರು ತಟ್ಟೆಯ ಪುಡಿ ಒರೆಸತೊಡಗಿದರು. ಪೊರ್ಬುಗಳು ಮಳೆ ನೋಡಿದರು. ಶೆಟ್ರು ಎದ್ದು ಹೋಗಿ ಮಿಕ್ಸರ್ ಹಾಕಿದರು. ಅದರೊಳಗೆ ಏನೂ ಇರಲಿಲ್ಲ.

ಕಾಕನೇ ಬಾಯಿ ತೆರೆದರು. "ಮಿಕ್ಸರ್ ಬಂದ್ ಮಾಡಿ ಶೆಟ್ರೆ, ಕರೆಂಟ್ ಬಿಲ್ ಬರ್ತದೆ. ನನ್ನ ಮೊಮ್ಮಗಳು ಈಗ ಬೇರೆ ಕಾಲೇಜಿಗೆ ಹೋಗ್ತಾಳೆ. ಸಿಇಟಿಗೆ ಹೋದ ಮಾಸ್ಟ್ರ ಅಣ್ಣನ ಮೊಮ್ಮಗ ಜನಿವಾರ ಹಿಡ್ಕೊಂಡು ಹೆದರಿದ್ದು ನನಗೆ ಗೊತ್ತಿಲ್ವಾ?"

2025ರ ಏಪ್ರಿಲಿನ ಸಿಇಟಿಯಲ್ಲಿ ಕೆಲವು ಕಡೆ ಜನಿವಾರ ತೆಗೆಸಲು ಹೋಗಿ ದೊಡ್ಡ ಗಲಾಟೆಯೇ ಆಗಿತ್ತಲ್ಲ. ಅದರ ಮರುವರ್ಷದ ಹೆದರಿಕೆ ಅದು. ಮಾಸ್ಟ್ರು ಹೂಂ ಎಂದರು. ಹೂಂ ಎಂದವರೇ ಒಂದೇ ನೆಗೆತಕ್ಕೆ 1843ಕ್ಕೆ ಓಡಿಹೋದರು. ಹತ್ತಿರದ ವಿಷಯ ಬಿಸಿಯಾದರೆ ಅವರು ಯಾವಾಗಲೂ ತಲೆಮರೆಸಿಕೊಳ್ಳುವುದು ಅಲ್ಲೇ.

ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. 1843ರ ಜುಲೈ 1, ಕಲ್ಲಚ್ಚು. ಕ್ರಿಸ್ತನನ್ನು ಸಾರಲೆಂದೇ ಬಂದ ಪಾದ್ರಿ ಅವರು. ಅವರ ಮಿಶನ್ ನಮ್ಮ ವಿಗ್ರಹಪೂಜೆಯನ್ನು ಟೀಕಿಸಿ ಪುಸ್ತಿಕೆಗಳನ್ನೂ ಹಂಚಿತು. ಅದೇ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.

"ಒಪ್ಪದ ಮಾತನ್ನೂ ಅಚ್ಚು ಹಾಕಿದರಲ್ಲ!" ಪೊರ್ಬುಗಳಿಗೆ ಮತ್ತೆ ಜೀವ ಬಂತು. "ನೀವೂ ಹಾಕಿ ಶೆಟ್ರೆ!"

"ಯಾರಾದರೂ ಒತ್ತಾಯ ಮಾಡಿದ್ದರಾ ಅವರಿಗೆ?" ಎಂದರು ಶೆಟ್ರು. ಬೆಲ್‌ಫಾಸ್ಟ್ ತಿಳಿದ ಮೇಲೆ ಅವರು ಪೂರ್ತಿ ವಕೀಲರಾಗಿದ್ದರು.

ಮಾಸ್ಟ್ರು ಇನ್ನೊಂದು ಆಣಿ ಹೊಡೆದರು. 1986, ಪಕ್ಕದ ಕೇರಳ. ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ನಮ್ಮ ವಿಶ್ವಾಸ ಬಿಡುವುದಿಲ್ಲ ಎಂದರು. ಶಾಲೆ ಹೊರಗೆ ಹಾಕಿತು. ಸುಪ್ರೀಂ ಕೋರ್ಟು, ಹಾಡದೆ ಸುಮ್ಮನಿರುವುದೂ ಅವರ ಹಕ್ಕು ಎಂದು ಒಳಗೆ ಸೇರಿಸಿತು. ಜಸ್ಟಿಸ್ ಚಿನ್ನಪ್ಪ ರೆಡ್ಡಿಯವರ ತೀರ್ಪು. ಮೂವರು ಮಕ್ಕಳಿಗಾಗಿ ಅಷ್ಟು ದೊಡ್ಡ ಕೋರ್ಟು ಅಷ್ಟು ಮೆದುವಾಗಿ ಮಾತಾಡಿದ್ದು ನನಗೆ ಬೆಲ್‌ಫಾಸ್ಟಿನದ್ದಕ್ಕಿಂತ ಜಾಸ್ತಿ ಇಷ್ಟ.

"ಹಾಡದಿರುವುದು ಹಕ್ಕು. ಬರೆಯದಿರುವುದೂ ಹಕ್ಕು" ಎಂದು ಶೆಟ್ರು ಬಿಲ್ ಬುಕ್ಕಿನ ಹಿಂದೆ 1986 ಎಂದು ಗುರುತು ಹಾಕಿಕೊಂಡರು.

"ಕೊಂಕಣಿಯಲ್ಲಿ ಬರೆದು ತರಬೇಕಿತ್ತು" ಎಂದು ಪೊರ್ಬುಗಳು ಗೊಣಗಿದರು. "ಕನ್ನಡ ಅಕ್ಷರ, ಕೊಂಕಣಿ ಮಾತು. ನಿಮಗೆ ಅರ್ಥವೇ ಆಗ್ತಿರಲಿಲ್ಲ."

"ಆಗ ನನ್ನ ಆತ್ಮಸಾಕ್ಷಿಗೂ ಅರ್ಥ ಆಗ್ತಿರಲಿಲ್ಲ. ಬರೀತಿದ್ದೆ."

ಅಷ್ಟರಲ್ಲಿ ಕೊಡೆ ಕೊಡವಿಕೊಂಡು ಬಾಯಿಯೇ ಬಂದರು. ಮೇರಿ ಮಾತೆಯ ಹುಟ್ಟುಹಬ್ಬ ಮೊಂತಿ ಫೆಸ್ತಿನ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮುಗಿಸಿ ಬರುವ ಹೊತ್ತು. ಬ್ರೆಡ್ ಕೇಳಿದರು. ಕಣ್ಣು ಬಿಸ್ಕತ್ತಿನ ಡಬ್ಬಿಯ ಮೇಲಿದ್ದ ಚೀಟಿಗೆ ಹೋಯಿತು. ಗಂಡನ ಕೈಬರಹ ಯಾವ ಹೆಂಡತಿಗೆ ಗೊತ್ತಾಗುವುದಿಲ್ಲ? ಬಿಡಿಸಿ ಓದಿದರು. ನಾಲ್ಕೂ ಜನ ಮಳೆ ನೋಡಿದೆವು.

ಬಾಯಿ ಜಗಳವಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು. "ಕೇಕು ಮಾಡಿ ಶೆಟ್ರೆ, ಒಂದು ಕಿಲೋ ಸಾಕು. ಮೇಲೆ 17:28 ಅಂತ ಬರೀರಿ. ಅದೇ ಸೊಲೊಮೋನನದ್ದೇ."

ಶೆಟ್ರು ಒಂದು ಕ್ಷಣ ಯೋಚಿಸಿದರು. "ಅಂಕಿ ತಾನೆ? ಅಂಕಿಗೆ ಎಂತ ಅಭಿಪ್ರಾಯ? ಬರೀತೇನೆ."

ಪೊರ್ಬುಗಳು ಮಾತಿಲ್ಲದೆ ಬ್ರೆಡ್ಡಿನ ಚೀಲ ಎತ್ತಿಕೊಂಡು ಬಾಯಿಯ ಹಿಂದೆ ಹೊರಟರು. ಅವರು ತಿರುವು ದಾಟುವವರೆಗೆ ಕಾದು ಮಾಸ್ಟ್ರು ಮೊಬೈಲಿನಲ್ಲಿ ಹುಡುಕಿ ಮೆಲ್ಲಗೆ ಓದಿದರು. ಮೂರ್ಖನೂ ಬಾಯಿ ಮುಚ್ಚಿಕೊಂಡಿದ್ದರೆ ಜಾಣ ಎನ್ನಿಸಿಕೊಳ್ಳುತ್ತಾನೆ ಎಂಬರ್ಥದ ವಚನ.

ಶನಿವಾರ ಊಟಕ್ಕೆ ಇಡ್ಲಿಯಂಥ ಸಣ್ಣ, ಕೋಳಿ ಬಫಾತ್ ಸಾರು ಎಲ್ಲ ಜೋರಾಗಿತ್ತು. ಬಂದವರಲ್ಲಿ ಅರ್ಧ ಜನ 17:28 ಎಂದರೆ ಯಾವ ರೈಲು ಎಂದು ಕೇಳಿದರು. ಪೊರ್ಬುಗಳು ಎಲ್ಲರಿಗೂ ನಕ್ಕರು, ಯಾರಿಗೂ ಉತ್ತರ ಕೊಡಲಿಲ್ಲ. ಎಷ್ಟು ಗಂಭೀರ ಮನುಷ್ಯ ಎಂದು ಬೀಗರ ಕಡೆಯವರು ಹೊಗಳಿದರಂತೆ.