ಬಾಗಿಲಿಲ್ಲದ ಜೀಪಿಗೆ ಪಕ್ಕದ ಕನ್ನಡಿ: ಎಲ್ಲಿ, ಹೇಗೆ ಕೂರಿಸುವುದು?

ಕೇಳಿದವರು, ಬನಶಂಕರಿ:
ನನ್ನ ಬಳಿ ಹಳೆಯ ಮಹೀಂದ್ರಾ ಎಂಎಂ 540 ಜೀಪು ಇದೆ. ಕ್ಯಾನ್ವಾಸ್ ಬಾಗಿಲುಗಳು ಹರಿದುಹೋದ ಮೇಲೆ ಬಿಚ್ಚಿಟ್ಟಿದ್ದೇನೆ. ಕೊಂಡಾಗಲೇ ಎಡಗಡೆ ಕನ್ನಡಿ ಇರಲಿಲ್ಲ, ಬಲಗಡೆಯದು ಕಳೆದ ತಿಂಗಳು ಮುರಿಯಿತು. ಹೆಚ್ಚಾಗಿ ನಗರದೊಳಗೇ ಓಡಿಸುತ್ತೇನೆ, ತಿಂಗಳಿಗೊಮ್ಮೆ ಸಾವನದುರ್ಗದ ಕಡೆಯ ಮಣ್ಣುದಾರಿ. ಯಾವ ಕನ್ನಡಿ ತರಲಿ, ಎಲ್ಲಿ ಹಾಕಿಸಲಿ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ರಾಜಾಜಿನಗರದಿಂದ, ಎಂಎಂ 540:
ನಮ್ಮ ಮನೆಯಲ್ಲಿಯೂ ಇದೇ ಗಾಡಿ ಇದೆ ಸರ್, ತಂದೆಯವರು ಕೊಂಡದ್ದು. ಮೂರು ಜೊತೆ ಕನ್ನಡಿ ಬದಲಾಯಿಸಿ ನಾಲ್ಕನೆಯದಕ್ಕೆ ನೆಮ್ಮದಿ ಸಿಕ್ಕಿತು. ನಿಮಗೆ ಆ ಖರ್ಚು ಬೇಡ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಾನು ಬುಲೆಟ್ ಬೈಕಿನ ದುಂಡು ಕನ್ನಡಿಗಳನ್ನು ತಂದು, ವಿಂಡ್‌ಶೀಲ್ಡ್ ಫ್ರೇಮಿಗೆ ಕ್ಲಾಂಪ್ ಹಾಕಿ ಕೂರಿಸಿದ್ದೆ. ನೋಡಲು ಚೆಂದವಾಗಿತ್ತು. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಈ 2112 ಸಿ.ಸಿ. ಪ್ಯೂಜೋ ಡೀಸೆಲ್ ಎಂಜಿನ್ ಗಾಡಿಯನ್ನು ಹೇಗೆ ನಡುಗಿಸುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ರಾತ್ರಿ ಹಿಂದಿನ ಬೈಕಿನ ಒಂದು ದೀಪ ಕನ್ನಡಿಯಲ್ಲಿ ಮೂರು ಗೆರೆಯಾಗಿ ಕಾಣುತ್ತಿತ್ತು. ಒಮ್ಮೆ ಮೈಸೂರು ರಸ್ತೆಯಿಂದ ಎಡಕ್ಕೆ ತಿರುಗುವಾಗ, ಎಡಪಕ್ಕದ ಸಂದಿಯಿಂದ ಬಂದ ಸ್ಕೂಟರ್ ನನಗೆ ಕಾಣಲೇ ಇಲ್ಲ. ಅದರ ಹ್ಯಾಂಡಲ್ ಮಡ್‌ಗಾರ್ಡಿಗೆ ಸವರಿತು. ಓಡಿಸುತ್ತಿದ್ದವರಿಗೆ ಪೆಟ್ಟಾಗಲಿಲ್ಲ, ಆದರೆ ನನ್ನ ಕೈಕಾಲು ಮನೆಗೆ ಬರುವವರೆಗೂ ನಡುಗುತ್ತಿದ್ದವು. ಬೆಂಗಳೂರಿನಲ್ಲಿ ದ್ವಿಚಕ್ರ ವಾಹನಗಳು ಎಡಗಡೆಯ ಸಂದಿಯಿಂದಲೇ ಬರುತ್ತವೆ. ಆದ್ದರಿಂದ ಎಡಗಡೆಯ ಕನ್ನಡಿಯನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ. ಮೊದಲು ಅದನ್ನೇ ಹಾಕಿಸಿ.

ಮುಖ್ಯವಾದದ್ದು ಗಾಜಲ್ಲ, ಅದು ನಿಂತಿರುವ ಕಾಲು. ಎರಡು ಜೊತೆ ಹಾಳಾದ ಮೇಲೆ ನಮ್ಮ ವೆಲ್ಡಿಂಗ್ ಅಂಗಡಿಯ ಯಜಮಾನರು ಬೀದಿಯಲ್ಲಿ ನಿಂತಿದ್ದ ಲಾರಿಯೊಂದನ್ನು ತೋರಿಸಿದರು. ಲಾರಿ ಕನ್ನಡಿಯ ಸರಳು ಮೇಲೊಂದು, ಕೆಳಗೊಂದು, ಎರಡು ಕಡೆ ಕಚ್ಚಿಕೊಂಡಿರುತ್ತದೆ. ನನ್ನದು ಒಂಟಿ ಕಾಲಿನದು. ಒಂಟಿ ಕಾಲು ಉದ್ದವಾದಷ್ಟೂ ತುದಿ ಹೆಚ್ಚು ಅಲುಗುತ್ತದೆ. ಮೂರನೆಯ ಜೊತೆಯಲ್ಲಿ ಎರಡು ಕಾಲು ಮಾಡಿಸಿದರೂ ತೆಳುವಾದ 8 ಮಿ.ಮೀ. ಸರಳನ್ನೇ ಉಳಿಸಿಕೊಂಡೆ. ಕಲ್ಲುದಾರಿಯಲ್ಲಿ ಅದು ಬಗ್ಗಿತು.

ಈಗಿರುವುದು ಹೀಗಿದೆ. ವಿಂಡ್‌ಶೀಲ್ಡ್ ಫ್ರೇಮಿನ ಬುಡದಲ್ಲಿ ಮೊದಲೇ ಇರುವ ಬೋಲ್ಟನ್ನು ಬಿಚ್ಚಿ, ಅದೇ ಅಳತೆಯ, ಸ್ವಲ್ಪ ಉದ್ದದ ಬೋಲ್ಟಿನಲ್ಲಿ 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ಕೂರಿಸಿದ್ದೇನೆ. ಪಟ್ಟಿಯಿಂದ 12 ಮಿ.ಮೀ. ಸರಳು ಒಂದು ಗೇಣಿನಷ್ಟು ಹೊರಗೆ ಬರುತ್ತದೆ, ಅದಕ್ಕೆ ಕೆಳಗಿನಿಂದ ಓರೆಯಾಗಿ ಇನ್ನೊಂದು ಆಸರೆ. ಪಟ್ಟಿಗೂ ಫ್ರೇಮಿಗೂ ನಡುವೆ ತೆಳುವಾದ ರಬ್ಬರ್ ತುಂಡು. ದಪ್ಪ ರಬ್ಬರ್ ಹಾಕಿದರೆ ಅದೇ ಕುಣಿಯಲು ಶುರುಮಾಡುತ್ತದೆ. ನಟ್ಟು ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟೇ ಆಗಿರಲಿ. ಸ್ಪ್ರಿಂಗ್ ವಾಷರ್ ಒಂದನ್ನೇ ನಂಬಿದ್ದಾಗ ಎರಡು ವಾರಕ್ಕೊಮ್ಮೆ ಬಿಗಿ ಮಾಡುತ್ತಿದ್ದೆ.

ಕನ್ನಡಿಗೆ ಜೆ.ಸಿ. ರಸ್ತೆಗೆ ಹೋಗಿ, ಟ್ರ್ಯಾಕ್ಟರ್ ಅಥವಾ ಸಣ್ಣ ಟೆಂಪೊದ ಆಯತಾಕಾರದ ಕನ್ನಡಿ ಕೇಳಿ. ಎಡಗಡೆಗೆ ಉಬ್ಬು ಗಾಜು, ಶಾಲೆಯಲ್ಲಿ ಪೀನ ದರ್ಪಣ ಎಂದು ಓದಿದ್ದೇವಲ್ಲ, ಅದು. ಅಗಲವಾಗಿ ಕಾಣಿಸುತ್ತದೆ, ಆದರೆ ಹತ್ತಿರದ ಗಾಡಿಯನ್ನು ದೂರದಲ್ಲಿರುವಂತೆ ತೋರಿಸುತ್ತದೆ. ಮೊದಲ ಒಂದು ವಾರ ತಿರುಗುವ ಮುನ್ನ ಕತ್ತು ಹೊರಳಿಸಿಯೂ ನೋಡಿ. ಬಾಗಿಲಿಲ್ಲದ ಗಾಡಿಯಲ್ಲಿ ಅದು ಸುಲಭ. ಬಲಗಡೆಗೆ ನಾನು ಚಪ್ಪಟೆ ಗಾಜನ್ನೇ ಹಾಕಿದ್ದೇನೆ, ಹಿಂದಿನ ಬಸ್ಸು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸರಿಯಾಗಿ ಸಿಗುತ್ತದೆ.

ವೈಟ್‌ಫೀಲ್ಡ್‌ನಿಂದ, ರ‍್ಯಾಂಗ್ಲರ್:
ನನ್ನದೂ ಜೀಪೇ, ಆದರೆ ಇದರಲ್ಲಿ ಕನ್ನಡಿ ಬಾಗಿಲಿಗೇ ಅಂಟಿಕೊಂಡಿದೆ. ಬಾಗಿಲು ತೆಗೆದರೆ ಕನ್ನಡಿಯೂ ಹೋಯಿತು. ಹಾಗಾಗಿ ಬಾಗಿಲಿನ ಕೀಲಿಗೆ, ಅಂದರೆ ಹಿಂಜಿಗೆ, ಕೂರುವ ಬಿಡಿ ಕನ್ನಡಿಗಳನ್ನು ತರಿಸಿಕೊಂಡೆ. ನಕ್ಷತ್ರದಾಕಾರದ ತುದಿಯ ಟಿ-50 ಟಾರ್ಕ್ಸ್ ಬಿಟ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ತೂತು ಕೊರೆಯಬೇಕಿಲ್ಲ. ಒಂದು ಕೊರತೆ ಇದೆ. ಕೀಲಿನ ಮಟ್ಟ ತಗ್ಗಿನಲ್ಲಿರುವುದರಿಂದ ಮುಂದಿನ ಚಕ್ರ ಎರಚುವ ಕೆಸರೆಲ್ಲ ಗಾಜಿಗೇ ಬಡಿಯುತ್ತದೆ. ಮಳೆಗಾಲದಲ್ಲಿ ಸೀಟಿನ ಪಕ್ಕ ಒಂದು ಹಳೆಯ ಬನಿಯನ್ ಬಟ್ಟೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಎಂಎಂ 540ಕ್ಕೆ ರಾಜಾಜಿನಗರದವರು ಹೇಳಿದ ಹಾಗೆ ಎತ್ತರದಲ್ಲಿ ಕೂರಿಸುವುದೇ ಮೇಲು ಎಂದು ನನಗನಿಸುತ್ತದೆ.

ಕೇಳಿದವರು, ಬನಶಂಕರಿ:
ಇಬ್ಬರಿಗೂ ವಂದನೆಗಳು. ಇನ್ನೆರಡು ಸಂಶಯ ಉಳಿದಿವೆ. ನಾನು ಕಾಡು ದಾರಿಯಲ್ಲಿ ವಿಂಡ್‌ಶೀಲ್ಡನ್ನು ಬಾನೆಟ್ ಮೇಲೆ ಮಡಚುತ್ತೇನೆ, ಆಗ ಕನ್ನಡಿಯ ಗತಿ ಏನು? ಮತ್ತೆ, ಬುಡದ ಬೋಲ್ಟು ತುಕ್ಕು ಹಿಡಿದು ಬರದಿದ್ದರೆ ಹೊಸ ತೂತು ಕೊರೆಯಬಹುದೇ? ಇದಕ್ಕೆಲ್ಲ ಪೊಲೀಸರು ತಕರಾರು ಮಾಡುವುದಿಲ್ಲವೇ?

ರಾಜಾಜಿನಗರದಿಂದ, ಎಂಎಂ 540:
ಮಡಚುವ ಅಭ್ಯಾಸವಿದ್ದರೆ ಪಟ್ಟಿಯನ್ನು ಫ್ರೇಮಿಗೆ ಹಾಕಬೇಡಿ. ಫ್ರೇಮ್ ಮಲಗಿದಾಗ ಕನ್ನಡಿಯೂ ಅದರ ಜೊತೆಗೇ ಮಲಗಿ ಆಕಾಶ ನೋಡುತ್ತದೆ. ಫ್ರೇಮಿನ ಕೆಳಗೆ, ಅಲುಗದ ಬಾಡಿಯ ತಗಡಿಗೆ ಹಾಕಿಸಿ.

ಬೋಲ್ಟು ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬಲವಂತ ಬೇಡ. ಕೊರೆಯಲೇಬೇಕಾದರೆ ಮೊದಲು ಒಳಗಡೆ ಕೈಯಾಡಿಸಿ ವೈಪರ್, ದೀಪದ ವೈರುಗಳು ಎಲ್ಲಿವೆ ಎಂದು ನೋಡಿಕೊಳ್ಳಿ. ಪಂಚ್‌ನಿಂದ ಗುರುತು ಮಾಡಿ, 3 ಮಿ.ಮೀ. ಬಿಟ್‌ನಿಂದ ಶುರುಮಾಡಿ ಆಮೇಲೆ ದೊಡ್ಡದು ಮಾಡಿ. ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯದೆ ಬೋಲ್ಟು ತೂರಿಸಬೇಡಿ, ಒಂದೇ ಮಳೆಗಾಲದಲ್ಲಿ ಸುತ್ತಲೂ ತುಕ್ಕು ಹಬ್ಬುತ್ತದೆ. ತಗಡಿನ ಒಳಬದಿಗೆ ಅಂಗೈಯಗಲದ ಕಬ್ಬಿಣದ ತುಂಡೊಂದನ್ನು ಕೊಡಿ. ಕೊಂಬೆ ತಗುಲಿದಾಗ ಬರೀ ವಾಷರ್ ಇದ್ದರೆ ತಗಡೇ ಹರಿಯುತ್ತದೆ. ಸರಳಿಗೂ ಕನ್ನಡಿಗೂ ನಡುವಿನ ಕೀಲು ಕೈಯಿಂದ ಒಳಕ್ಕೆ ಮಡಚುವಷ್ಟು ಮಾತ್ರ ಬಿಗಿಯಿರಲಿ. ಕಾಡು ದಾರಿಗೆ ಇಳಿಯುವ ಮುನ್ನ ಮಡಚಿಬಿಡಿ. ಅವೆನ್ಯೂ ರಸ್ತೆಯ ಸಂದಿಗಳಲ್ಲಿಯೂ ಅದೇ ಉಪಾಯ.

ಪೊಲೀಸರ ವಿಷಯಕ್ಕೆ ಬಂದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿನ್ನೋಟ ಕನ್ನಡಿ ಇರಲೇಬೇಕು. ಇಲ್ಲದಿರುವುದೇ ತಪ್ಪು. ಸರಳು ಮಾತ್ರ ಅತಿಯಾಗಿ ಹೊರಚಾಚದಿರಲಿ, ಪಕ್ಕದಲ್ಲಿ ನಡೆಯುವವರ ಮುಖದ ಮಟ್ಟಕ್ಕೆ ಚೂಪಾದ ಅಂಚು ಬರದಿರಲಿ.

ಕೂರಿಸಿದ ಮೇಲೆ ಹೊಂದಿಸುವ ಕೆಲಸಕ್ಕೆ ಜೊತೆಗೊಬ್ಬರು ಬೇಕು. ನೀವು ಸೀಟಿನಲ್ಲಿ ಕುಳಿತಿರಿ, ಅವರು ಹಿಂದಿನಿಂದ ಎಡಪಕ್ಕಕ್ಕೆ ಸೈಕಲ್ ತಳ್ಳಿಕೊಂಡು ಬರಲಿ. ಕನ್ನಡಿಯಿಂದ ಸೈಕಲ್ ಮರೆಯಾಗುವ ಮೊದಲೇ ಅದು ನಿಮ್ಮ ಕಣ್ಣಂಚಿಗೆ ಬರಬೇಕು. ಬರದಿದ್ದರೆ ಕನ್ನಡಿಯನ್ನು ಇನ್ನೂ ಹೊರಕ್ಕೆ ತಿರುಗಿಸಿ. ನಿಮ್ಮದೇ ಗಾಡಿಯ ಬಾಡಿ ಒಂದು ಬೆರಳಿನಷ್ಟು ಕಂಡರೆ ಸಾಕು.

ನನ್ನ ಪಟ್ಟಿಯ ಅಳತೆಗೆ ಕತ್ತರಿಸಿದ ರಟ್ಟು ಇನ್ನೂ ಮನೆಯಲ್ಲಿದೆ. ಕನ್ನಡಿಗಳನ್ನು ಶನಿವಾರವೇ ಕೊಂಡುಬಿಡಿ, ಭಾನುವಾರ ಬೆಳಿಗ್ಗೆ ಜೀಪು ತನ್ನಿ. ಸೈಕಲ್ ತಳ್ಳಲು ನನ್ನ ಮಗನಿದ್ದಾನೆ.